ಎದುರಾಳಿ ನಡುವೆ ಬಾಯಿ ಹಾಕಿದಾಗ ಹೊಸ ಸೂಟ್ ಫೋರ್ಸಿಂಗೋ ಅಲ್ಲವೋ: ಬ್ರಿಜ್ ಜೋಡಿಗಳಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಜೂನ್ ಮಳೆ ಹಿಡಿಯಿತೆಂದರೆ ಸಂಜೆ ಎಲೆ ಹಿಡಿದು ಕೂರಲು ಪುರುಸೊತ್ತು ಸಿಗುತ್ತದೆ. ಮಡಿಕೇರಿಯಾಗಲಿ, ವಿರಾಜಪೇಟೆಯಾಗಲಿ, ಪಾಲಿಬೆಟ್ಟವಾಗಲಿ, ಬ್ರಿಜ್ ಮೇಜಿನಲ್ಲಿ ಎದುರುಬದುರು ಕೂತ ಇಬ್ಬರೂ ಒಂದೇ ಕಡೆ ಆಟ ಕಲಿತವರಾಗಿರುವುದು ಅಪರೂಪ. ಒಬ್ಬರು ಮನೆಯ ಹಿರಿಯರಿಂದ ಏಕೋಲ್ ಎಂಬ ಬಿಡ್ಡಿಂಗ್ ಪದ್ಧತಿ ಕಲಿತಿರುತ್ತಾರೆ, ಇನ್ನೊಬ್ಬರು ಬೆಂಗಳೂರಿನಲ್ಲೋ ಮೊಬೈಲಿನಲ್ಲೋ ಟು-ಓವರ್-ಒನ್ ಎಂಬ ಇನ್ನೊಂದು ಪದ್ಧತಿ ಕಲಿತಿರುತ್ತಾರೆ. ಎದುರಾಳಿಗಳು ಸುಮ್ಮನಿದ್ದಷ್ಟು ಹೊತ್ತು ಇಬ್ಬರಿಗೂ ಹೊಂದಿಕೆಯಾಗುತ್ತದೆ. ಅವರು ನಡುವೆ ಒಂದು ಓವರ್‌ಕಾಲ್ (ಎದುರಿನ ಕಡೆ ತೆರೆದಮೇಲೆ ಹೇಳುವ ಬಿಡ್) ಹಾಕಿದರೆ ಸಾಕು, ಒಬ್ಬರು ಫೋರ್ಸಿಂಗ್ (ಜೊತೆಗಾರರು ಪಾಸ್ ಮಾಡುವಂತಿಲ್ಲ) ಎಂದು ಹೇಳಿದ 2♥ ಮೇಲೆ ಇನ್ನೊಬ್ಬರು ಪಾಸ್ ಮಾಡಿ ಕೂರುತ್ತಾರೆ. ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಇದ್ದಾಗ 4♥ ಆಗಬೇಕಿದ್ದ ಕೈಯಲ್ಲಿ 620ರ ಬದಲು 170 ಬಂದರೆ 450 ಅಂಕ ಹೋಯಿತು. ಟೀಮ್ ಪಂದ್ಯದಲ್ಲಿ ಅದು 10 ಐಎಂಪಿ (ಎರಡು ಮೇಜಿನ ವ್ಯತ್ಯಾಸದಿಂದ ಲೆಕ್ಕ ಹಾಕುವ ಪಂದ್ಯಾಂಕ). ಆ ಒಂದು ಪಾಸಿನ ಬೆಲೆ ಅಷ್ಟು.

ಕೆಳಗೆ ಎದುರಾಳಿಗಳ ಬಿಡ್ಡನ್ನು ಆವರಣದಲ್ಲಿ ಬರೆದಿದ್ದೇವೆ. ಬಿಡ್ಡಿನ ಸಂಖ್ಯೆ ಅದರ ಮಟ್ಟ, ಚಿಹ್ನೆ ಅದರ ಸೂಟ್. 1♦ – (1♠) – 2♥ ಎಂದರೆ ಜೊತೆಗಾರರು 1♦ ತೆರೆದರು, ಎದುರಾಳಿ 1♠ ಎಂದರು, ನೀವು 2♥ ಎಂದಿರಿ.

ಎಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ

ಯಾವ ಸನ್ನಿವೇಶ ತೆಗೆದುಕೊಂಡರೂ ಹೊಸ ಸೂಟ್ ಹೇಳಬೇಕೆನ್ನುವ ಕೈಗಳು ಎರಡು ಬಗೆ. ಒಂದು, ಉದ್ದ ಸೂಟ್ ಇದ್ದು ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಇಲ್ಲದ್ದು. ಇನ್ನೊಂದು, ಗೇಮ್ (4♥ಯಂಥ, ದೊಡ್ಡ ಬೋನಸ್ ತರುವ ಕಾಂಟ್ರಾಕ್ಟ್) ಹುಡುಕುವ ಬಲವಾದದ್ದು. ಎರಡಕ್ಕೂ ಒಂದೇ ಬಿಡ್ ಬಳಸಿದರೆ ಓಪನರ್ (ಮೊದಲು ಬಿಡ್ ತೆರೆದವರು) ಕುರುಡಾಗುತ್ತಾರೆ. ಆದ್ದರಿಂದ ಪಟ್ಟಿ ಬಾಯಿಪಾಠ ಮಾಡುವ ಮೊದಲು ಕೇಳಿ: ಇಲ್ಲಿ ಬಲವಾದ ಕೈಗೆ ಬೇರೆ ದಾರಿ ಇದೆಯೇ? ರೀಡಬಲ್ (ಎದುರಾಳಿಯ ಡಬಲ್ ಮೇಲೆ ಮತ್ತೆ ಡಬಲ್), ಪೆನಾಲ್ಟಿ ಡಬಲ್ (ಎದುರಾಳಿಗಳನ್ನು ಸೋಲಿಸಿ ದಂಡ ಪಡೆಯಲು), ಕ್ಯೂ ಬಿಡ್ (ಎದುರಾಳಿಯ ಸೂಟನ್ನೇ ಹೇಳುವುದು) ಇವುಗಳಲ್ಲಿ ಯಾವುದಾದರೂ ಆ ಕೈಯನ್ನು ಚೆನ್ನಾಗಿ ತೋರಿಸುತ್ತದೆ ಎಂದಾದರೆ ಹೊಸ ಸೂಟನ್ನು ದುರ್ಬಲ ಕೈಗೆ ಬಿಟ್ಟುಕೊಡಬಹುದು. ಬೇರೆ ದಾರಿ ಇಲ್ಲವೆಂದಾದರೆ ಹೊಸ ಸೂಟ್ ಫೋರ್ಸಿಂಗ್ ಆಗಲೇಬೇಕು. ಮೇಜಿನಲ್ಲಿ ಹಿಂದೆಂದೂ ಮಾತಾಡದ ಸನ್ನಿವೇಶ ಎದುರಾದಾಗ ಇಬ್ಬರೂ ಇದೇ ಪ್ರಶ್ನೆ ಕೇಳಿಕೊಂಡರೆ ಬಹುಪಾಲು ಒಂದೇ ಉತ್ತರಕ್ಕೆ ಬರುತ್ತೀರಿ.

ಹಂತ 1: ಜೊತೆಗಾರರ ಓಪನಿಂಗ್ ಮೇಲೆ ಸೂಟ್ ಓವರ್‌ಕಾಲ್

ಹೆಚ್ಚು ಸಲ ಬರುವುದು ಇದೇ, ಹೆಚ್ಚು ಎಡವುವುದೂ ಇಲ್ಲೇ. ಆದ್ದರಿಂದ ಹೆಚ್ಚು ಸಮಯ ಇಲ್ಲಿ ಕೊಡಿ.

ಒಂದನೇ ಮಟ್ಟದಲ್ಲಿ ಜಗಳವೇ ಇಲ್ಲ. 1♣ – (1♦) – 1♥ ಒಂದು ಸುತ್ತಿಗೆ ಫೋರ್ಸಿಂಗ್, 6 ಪಾಯಿಂಟ್ ಮೇಲೆ ಎಷ್ಟಾದರೂ ಇರಬಹುದು. ನೆನಪಿಡಬೇಕಾದ ಒಂದು ವಿವರ ಉಂಟು. 1♣ – (1♥) ಆದಮೇಲೆ 1♠ ಎಂದರೆ ಐದು ಎಲೆ, ನಾಲ್ಕೇ ಇದ್ದರೆ ನೆಗೆಟಿವ್ ಡಬಲ್, ಅಂದರೆ ದಂಡಕ್ಕಲ್ಲದೆ ಇನ್ನೂ ಹೇಳದ ಸೂಟ್ ಇದೆ ಎಂದು ತಿಳಿಸುವ ಡಬಲ್.

ಎರಡನೇ ಮಟ್ಟಕ್ಕೆ ಬಂದರೆ ಸ್ಟ್ಯಾಂಡರ್ಡ್ ಪದ್ಧತಿಯಲ್ಲಿ ಹೊಸ ಸೂಟ್ ಐದು ಎಲೆ, 10 ಪಾಯಿಂಟ್ ಅಥವಾ ಹೆಚ್ಚು, ಒಂದು ಸುತ್ತಿಗೆ ಫೋರ್ಸಿಂಗ್. ಟು-ಓವರ್-ಒನ್ ಆಡುವವರು ಇಲ್ಲಿ ಎಚ್ಚರವಾಗಿರಬೇಕು: ಎದುರಾಳಿ ಬಿಡ್ ಮಾಡಿದ ಕ್ಷಣ ಗೇಮ್ ಫೋರ್ಸ್ (ಗೇಮ್ ತಲುಪುವವರೆಗೆ ಇಬ್ಬರೂ ನಿಲ್ಲಬಾರದೆಂಬ ಒಪ್ಪಂದ) ಹೋಯಿತು. 1♠ – (2♦) – 2♥ ಕೇವಲ ಒಂದು ಸುತ್ತಿನ ಮಾತು. ಓಪನರ್ 2♠ ಎಂದು ಕನಿಷ್ಠ ಬಲ ತೋರಿಸಿದರೆ 10 ಪಾಯಿಂಟಿನವರು ಪಾಸ್ ಮಾಡಬಹುದೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮಾಡಬಹುದು ಎಂದು ಇಟ್ಟುಕೊಳ್ಳುವುದು ಸರಳ. 'ಇನ್ನೊಂದು ಬಿಡ್ ಹೇಳಿಯೇ ತೀರುತ್ತೇನೆ' ಎಂಬ ಒಪ್ಪಂದವಾದರೆ 10ರ ಬದಲು 11 ಇಟ್ಟುಕೊಳ್ಳಿ, ಇಲ್ಲದಿದ್ದರೆ ಮೂರನೇ ಮಟ್ಟದಲ್ಲಿ ಒಂದು ಟ್ರಿಕ್ ಕಡಿಮೆ ಬೀಳುತ್ತೀರಿ.

ಈಗ 1♦ – (1♠) ಆದಮೇಲೆ ಎರಡು ಕೈ ನೋಡಿ.

ಮೊದಲನೆಯದು: ♠ 7-3, ♥ ರಾಣಿ-ಗುಲಾಮ-10-9-6-4, ♦ 8-5, ♣ ರಾಜ-7-2. ಆರು ಪಾಯಿಂಟ್, ಆರು ಹಾರ್ಟ್.

ಎರಡನೆಯದು: ♠ 7-3, ♥ ಎಕ್ಕ-ರಾಜ-10-9-6, ♦ ರಾಣಿ-8-5, ♣ ಎಕ್ಕ-7-2. ಹದಿಮೂರು ಪಾಯಿಂಟ್, ಐದು ಹಾರ್ಟ್.

ಸ್ಟ್ಯಾಂಡರ್ಡ್‌ನಲ್ಲಿ ಎರಡನೆಯ ಕೈ ನೇರವಾಗಿ 2♥ ಎನ್ನುತ್ತದೆ. ಮೊದಲನೆಯದು ನೆಗೆಟಿವ್ ಡಬಲ್ ಹಾಕಿ, ಜೊತೆಗಾರರು 2♣ ಅಥವಾ 2♦ ಎಂದಮೇಲೆ 2♥ ಎನ್ನುತ್ತದೆ. ಡಬಲ್ ಆದಮೇಲೆ ಬಂದ ಆ ಹೊಸ ಸೂಟ್ ಫೋರ್ಸಿಂಗ್ ಅಲ್ಲ. 'ಉದ್ದ ಇದೆ, ಬಲ ಇಲ್ಲ, ಇಲ್ಲೇ ನಿಲ್ಲಿ' ಎಂದರ್ಥ. ಓಪನರ್ ಅದರ ಮೇಲೆ 2 ನೋ ಟ್ರಂಪ್ ಎಂದು ಸರಿಪಡಿಸಲು ಹೋಗುವುದು ತೀರಾ ಸಾಮಾನ್ಯ ತಪ್ಪು.

ಹಂತ 2: ನೆಗೆಟಿವ್ ಫ್ರೀ ಬಿಡ್ ಬೇಕೇ ಬೇಡವೇ ತೀರ್ಮಾನಿಸಿ

ಹಿಂದೆ ಓವರ್‌ಕಾಲ್ ಮೇಲಿನ ಡಬಲ್ ಎಂದರೆ ಪೆನಾಲ್ಟಿ ಎಂದೇ ಅರ್ಥವಿತ್ತು. 1957ರಲ್ಲಿ ಆಲ್ವಿನ್ ರಾತ್ ಎಂಬ ಆಟಗಾರ ಅದಕ್ಕೆ ಟೇಕ್‌ಔಟ್ (ದಂಡಕ್ಕಲ್ಲ, ನಿಮ್ಮ ಸೂಟ್ ಹೇಳಿ ಎಂಬ) ಅರ್ಥ ಕೊಟ್ಟರು. ಅದೇ ವರ್ಷ ಹಾರಿದ ಉಪಗ್ರಹದಿಂದ ಅದಕ್ಕೆ ಸ್ಪುಟ್ನಿಕ್ ಡಬಲ್ ಎಂಬ ಹೆಸರೂ ಬಂತು. ಬಲವಾದ ಕೈಗೆ ಎರಡನೆಯ ದಾರಿ ತೆರೆದದ್ದು ಹೀಗೆ. ಆ ದಾರಿ ಇದೆ ಎಂದಮೇಲೆ ಎರಡೂ ಕೈಗಳನ್ನು ಅದಲುಬದಲು ಮಾಡಬಹುದಲ್ಲ? ನೇರ 2♥ ದುರ್ಬಲ, ಡಬಲ್ ಹಾಕಿ ನಂತರ ಹಾರ್ಟ್ ಹೇಳಿದರೆ ಬಲ. ನೆಗೆಟಿವ್ ಫ್ರೀ ಬಿಡ್ ಎಂದರೆ ಇಷ್ಟೇ.

ಲಾಭ ಕಣ್ಣಿಗೆ ಕಾಣುವಂಥದ್ದು. ಮೊದಲನೆಯ ಕೈ ತಕ್ಷಣ 2♥ ಎನ್ನುತ್ತದೆ, ಎದುರಾಳಿಗಳು 2♠ಗೆ ಸುಲಭವಾಗಿ ಸೇರುವುದು ತಪ್ಪುತ್ತದೆ. ಒಂದು ಮೇಜಿನಲ್ಲಿ ನಿಮ್ಮವರು 2♥ ಆಡಿ 110, ಇನ್ನೊಂದು ಮೇಜಿನಲ್ಲಿ ನಿಮ್ಮ ಟೀಮಿನವರೇ 2♠ ಆಡಿ 110 ಎಂದಾದರೆ 220 ಅಂಕ, 6 ಐಎಂಪಿ.

ನಷ್ಟ ಎಲ್ಲಿ ಎಂದರೆ, ಎರಡನೆಯ ಕೈ ಡಬಲ್ ಹಾಕಿದಾಗ ಎಡಗಡೆಯ ಎದುರಾಳಿ 3♠ಗೆ ಹಾರಿದರೆ. ಜೊತೆಗಾರರು ಪಾಸ್, ಮತ್ತೆ ನಿಮ್ಮ ಸರದಿ. ಐದು ಹಾರ್ಟ್ ಇದೆ ಎಂದು ಜೊತೆಗಾರರಿಗೆ ಗೊತ್ತೇ ಇಲ್ಲ, ನೀವು ನಾಲ್ಕನೇ ಮಟ್ಟದಲ್ಲಿ ಮೊದಲ ಸಲ ಅದನ್ನು ಹೇಳಬೇಕು. ನೇರ 2♥ ಫೋರ್ಸಿಂಗ್ ಆಡುವವರಿಗೆ ಇಲ್ಲಿ ಓಪನರ್ ಮೂರು ಹಾರ್ಟ್ ಇಟ್ಟುಕೊಂಡು ಧೈರ್ಯವಾಗಿ 4♥ ಎನ್ನಬಲ್ಲರು.

ನಮ್ಮ ಅಭಿಪ್ರಾಯ ಸ್ಪಷ್ಟ: ವಾರಕ್ಕೊಮ್ಮೆ ಕೂಡಿ ಆಡುವ ಜೋಡಿಗೆ ಫೋರ್ಸಿಂಗ್ ಪದ್ಧತಿಯೇ ಒಳ್ಳೆಯದು. ನೆಗೆಟಿವ್ ಫ್ರೀ ಬಿಡ್ ಒಂದು ಬಿಡ್ಡಿನ ಬದಲಾವಣೆಯಂತೆ ಕಂಡರೂ ಓಪನರ್‌ನ ಇಡೀ ಎರಡನೇ ಸುತ್ತು ಬದಲಾಗುತ್ತದೆ. ಅದನ್ನೇ ಆಡುತ್ತೇವೆ ಎನ್ನುವವರು ಇಷ್ಟನ್ನು ಬರೆದಿಟ್ಟುಕೊಳ್ಳಿ. ಬಲ ಸುಮಾರು 6ರಿಂದ 11, ಐದು ಒಳ್ಳೆಯ ಎಲೆ ಅಥವಾ ಆರು. ಇದು ಎರಡನೇ ಮಟ್ಟಕ್ಕೆ ಮಾತ್ರ, 1♠ – (2♥) – 3♣ ಹಿಂದಿನಂತೆಯೇ ಫೋರ್ಸಿಂಗ್. ಓಪನರ್ ಕನಿಷ್ಠ ಬಲವಿದ್ದು ಸೂಟ್ ಕೂಡದಿದ್ದರೆ (ಜೊತೆಗಾರರ ಸೂಟಿನಲ್ಲಿ ಸಾಕಷ್ಟು ಎಲೆ ಇಲ್ಲದಿದ್ದರೆ) ಪಾಸ್ ಮಾಡಬೇಕು, ಮೂರು ಎಲೆ ಕೂಡಿ 15ರ ಆಸುಪಾಸು ಇದ್ದರೆ ಏರಿಸಬೇಕು, ಇನ್ನೂ ಬಲವಿದ್ದರೆ ಕ್ಯೂ ಬಿಡ್. ನೆಗೆಟಿವ್ ಡಬಲ್‌ನಲ್ಲಿ ಈಗ ಬಲವಾದ ಕೈಯೂ ಅಡಗಿರುವುದರಿಂದ, ಡಬಲ್ ಆದಮೇಲೆ ರೆಸ್ಪಾಂಡರ್ (ಓಪನರ್‌ನ ಜೊತೆಗಾರರು) ಹೇಳುವ ಹೊಸ ಸೂಟ್ ಫೋರ್ಸಿಂಗ್. ಈ ಕೊನೆಯ ಸಾಲನ್ನು ಮರೆತ ಜೋಡಿಗಳೇ ಹೆಚ್ಚು. ನೇರ 2♥ ಮೇಲೆ ಪಾಸ್ ಮಾಡಲು ಕಲಿತು, ಡಬಲ್ ನಂತರದ 2♥ ಮೇಲೂ ಹಳೆ ಅಭ್ಯಾಸದಲ್ಲಿ ಪಾಸ್ ಮಾಡಿಬಿಡುತ್ತಾರೆ.

ಜೋಡಿಗಳು ಬೋರ್ಡಿಗೆ ಬೋರ್ಡು ಹೋಲಿಸಿ ಸ್ಪರ್ಧಿಸುವ ಪೇರ್ಸ್ ಪಂದ್ಯದಲ್ಲಿ ಪಾರ್ಟ್ ಸ್ಕೋರ್‌ಗೂ (ಗೇಮ್‌ಗಿಂತ ಕೆಳಗಿನ ಕಾಂಟ್ರಾಕ್ಟ್) ಗೇಮ್‌ಗೂ ಒಂದೇ ಬೋರ್ಡಿನ ಬೆಲೆ, ಅಲ್ಲಿ ಈ ಪದ್ಧತಿಗೆ ತೂಕ ಹೆಚ್ಚು. ವಲ್ನರಬಲ್ ಗೇಮ್ ಬೋನಸ್ 500 ಇರುವ ಟೀಮ್ ಪಂದ್ಯದಲ್ಲಿ ಕಡಿಮೆ.

ಹಂತ 3: ಎದುರಾಳಿ ಟೇಕ್‌ಔಟ್ ಡಬಲ್ ಹಾಕಿದಾಗ

ಡಬಲ್ ನಿಮ್ಮಿಂದ ಜಾಗ ಕಸಿಯುವುದಿಲ್ಲ. ಬದಲಿಗೆ ರೀಡಬಲ್ ಎಂಬ ಹೆಚ್ಚಿನ ಬಿಡ್ ಕೊಡುತ್ತದೆ. 10 ಪಾಯಿಂಟ್ ಮೇಲಿನ ಕೈ ರೀಡಬಲ್ ಹಾಕಬಹುದಾದ್ದರಿಂದ 1♥ – (ಡಬಲ್) – 2♦ ಫೋರ್ಸಿಂಗ್ ಆಗಬೇಕಾದ ಕಾರಣವೇ ಇಲ್ಲ. ♠ 8-2, ♥ 6-3, ♦ ರಾಜ-ಗುಲಾಮ-10-8-7-4, ♣ ರಾಣಿ-9-5 ಇದ್ದರೆ 2♦ ಎನ್ನಿ. ಓಪನರ್ ಒಂದೇ ಡೈಮಂಡ್ ಇಟ್ಟುಕೊಂಡಿದ್ದರೂ ಕನಿಷ್ಠ ಬಲವಾದರೆ ಪಾಸ್ ಮಾಡಲಿ. ಅಲ್ಲಿಂದ 2♥ಗೆ ಓಡಿದರೆ ಎದುರಾಳಿಗಳು ಡಬಲ್ ಹಾಕಲು ಕಾಯುತ್ತಿರುತ್ತಾರೆ.

1♥ – (ಡಬಲ್) – 1♠ ಬಗ್ಗೆ ಮಾತ್ರ ಹಳಬರಿಗೂ ಹೊಸಬರಿಗೂ ಭಿನ್ನಾಭಿಪ್ರಾಯ ಉಂಟು. ಹಳೆಯ ಪದ್ಧತಿಯಲ್ಲಿ ಡಬಲ್ ಮೇಲಿನ ಯಾವ ಹೊಸ ಸೂಟೂ ಫೋರ್ಸಿಂಗ್ ಅಲ್ಲ. ಇಂದು ಬಹುಪಾಲು ಜೋಡಿಗಳು ಒಂದನೇ ಮಟ್ಟದ್ದನ್ನು ಫೋರ್ಸಿಂಗ್ ಆಗಿಯೇ ಇಟ್ಟುಕೊಳ್ಳುತ್ತಾರೆ, ಡಬಲ್ ಆಗಿಯೇ ಇಲ್ಲ ಎಂಬಂತೆ. ಎರಡನೆಯದನ್ನೇ ಆರಿಸಿ. ಐದು ಸ್ಪೇಡ್ ಇರುವ ಬಲವಾದ ಕೈ ರೀಡಬಲ್ ಹಾಕಿ ಕಾದರೆ ಎದುರಾಳಿಗಳು ಮೈನರ್ (♣ ಅಥವಾ ♦) ಸೂಟಿನಲ್ಲಿ ಮೂರನೇ ಮಟ್ಟಕ್ಕೆ ಹಾರಿ ಸ್ಪೇಡ್ ಹೇಳುವ ಅವಕಾಶವನ್ನೇ ಮುಚ್ಚಬಹುದು. ರೀಡಬಲ್ ಹಾಕಿದವರು ಮುಂದೆ ಹೇಳುವ ಹೊಸ ಸೂಟ್ ಫೋರ್ಸಿಂಗ್.

ಹಂತ 4: 1 ನೋ ಟ್ರಂಪ್ ಓವರ್‌ಕಾಲ್, ಎರಡು ಸೂಟಿನ ಓವರ್‌ಕಾಲ್, ಪ್ರೀಎಂಪ್ಟ್

1♥ – (1 ನೋ ಟ್ರಂಪ್) ಆದರೆ 9 ಪಾಯಿಂಟ್ ಮೇಲಿನ ಕೈಗಳೆಲ್ಲ ಪೆನಾಲ್ಟಿ ಡಬಲ್ ಹಾಕುತ್ತವೆ. ಹಾಗಾಗಿ 2♣, 2♦ ಯಾವುದೂ ಫೋರ್ಸಿಂಗ್ ಅಲ್ಲ. ಇಷ್ಟರಲ್ಲಿ ಮುಗಿಯಿತು.

1♥ – (2 ನೋ ಟ್ರಂಪ್, ಎರಡೂ ಮೈನರ್) ಆದಾಗ ಎದುರಾಳಿಗಳೇ ನಿಮಗೆ ಎರಡು ಕ್ಯೂ ಬಿಡ್ ಕೊಟ್ಟಿದ್ದಾರೆ. 3♣ ಎಂದರೆ ಹಾರ್ಟ್ ಕೂಡಿದೆ, ಇನ್ವೈಟ್ (ಗೇಮ್‌ಗೆ ಆಹ್ವಾನಿಸುವ ಬಲ) ಅಥವಾ ಮೇಲು. 3♦ ಎಂದರೆ ಐದು ಸ್ಪೇಡ್, ಗೇಮ್ ಫೋರ್ಸಿಂಗ್. ಬಲವಾದ ಸ್ಪೇಡ್ ಕೈಗೆ ದಾರಿ ಸಿಕ್ಕಿತಾದ್ದರಿಂದ ನೇರ 3♠ ಫೋರ್ಸಿಂಗ್ ಅಲ್ಲ. 3♥ ಬರಿಯ ಸ್ಪರ್ಧೆಯ ಏರಿಕೆ. ಎರಡು ಕ್ಯೂ ಬಿಡ್‌ಗಳಲ್ಲಿ ಕೆಳಗಿನದು ನಿಮ್ಮ ಕೆಳಗಿನ ಸೂಟಿಗೆ, ಮೇಲಿನದು ಮೇಲಿನ ಸೂಟಿಗೆ ಎಂದು ನೆನಪಿಟ್ಟರೆ ಗೊಂದಲವಿಲ್ಲ.

ಪ್ರೀಎಂಪ್ಟ್ (ಉದ್ದ ಸೂಟಿನ ದುರ್ಬಲ ಕೈ ಜಾಗ ಕಸಿಯಲು ಮೇಲಕ್ಕೆ ಹಾರುವುದು) ಬಂದರೆ ನಿಯಮ ತಿರುಗಿ ಬಿಗಿಯಾಗುತ್ತದೆ. 1♦ – (2♠) – 3♣ ಒಂದು ಸುತ್ತಿಗೆ ಫೋರ್ಸಿಂಗ್. 1♦ – (3♣) – 3♥ ಗೇಮ್‌ವರೆಗೆ ಫೋರ್ಸಿಂಗ್ ಎಂದೇ ಇಟ್ಟುಕೊಳ್ಳಿ. ಜಾಗ ಹೋಗಿದೆ, ದುರ್ಬಲ ಕೈಗೆ ಮೂರನೇ ಮಟ್ಟದಲ್ಲಿ ಮಾತಾಡುವ ಹಕ್ಕಿಲ್ಲ, ಅದು ಪಾಸ್ ಮಾಡಬೇಕು. ನಿಮ್ಮವರೇ 3♣ ಮೇಲೆ 3♥ ಓವರ್‌ಕಾಲ್ ಮಾಡಿದಾಗ ನೀವು ಹೇಳುವ 3♠ ಕೂಡ ಫೋರ್ಸಿಂಗ್.

ನಿಮ್ಮ ಕಡೆಯ ದುರ್ಬಲ 2♥ ಮೇಲೆ ಎದುರಾಳಿ ಪಾಸ್ ಮಾಡಿದಾಗ 2♠ ಫೋರ್ಸಿಂಗ್ ಎಂದು ಆಡುವವರು, ಎದುರಾಳಿ ಡಬಲ್ ಹಾಕಿದಾಗಲೂ ಹಾಗೆಯೇ ಉಳಿಯುತ್ತದೆಯೇ ಎಂದು ಬೇರೆಯಾಗಿ ತೀರ್ಮಾನಿಸಬೇಕು. ಡಬಲ್ ಆದಮೇಲೆ ಗೇಮ್ ನಿಮ್ಮದಾಗುವುದು ಕಡಿಮೆ. ಅಲ್ಲಿ ಫೋರ್ಸಿಂಗ್ ಬೇಡ ಎನ್ನುವುದು ನಮ್ಮ ಸಲಹೆ.

ಹಂತ 5: ಓವರ್‌ಕಾಲ್ ನಿಮ್ಮವರದ್ದಾದಾಗ

(1♦) – 1♠ – (ಪಾಸ್) – 2♥. ಇದನ್ನು ಫೋರ್ಸಿಂಗ್ ಆಡುವವರೂ ಉಂಟು, ಆಡದವರೂ ಉಂಟು, ಇಬ್ಬರ ವಾದದಲ್ಲೂ ಹುರುಳಿದೆ. ನಾವು ಹೇಳುವುದು ಹೀಗೆ: ಒಂದನೇ ಮಟ್ಟದ ಓವರ್‌ಕಾಲ್ 8 ಪಾಯಿಂಟಿನಲ್ಲೂ ಬರಬಹುದು. ಅದರ ಮೇಲೆ ಹೊಸ ಸೂಟ್ ಫೋರ್ಸಿಂಗ್ ಮಾಡಿದರೆ 9–12ರ ಒಳ್ಳೆಯ ಹಾರ್ಟ್ ಕೈ ಬಾಯಿ ಮುಚ್ಚಿ ಕೂರಬೇಕಾಗುತ್ತದೆ. ಆದ್ದರಿಂದ 2♥ ಫೋರ್ಸಿಂಗ್ ಅಲ್ಲ, ಆದರೆ ಉತ್ತೇಜಕ. ಓವರ್‌ಕಾಲ್ ಮಾಡಿದವರು ಕನಿಷ್ಠ ಬಲವಿದ್ದು ಹಾರ್ಟ್ ಕೂಡದಿದ್ದರೆ ಮಾತ್ರ ಪಾಸ್ ಮಾಡಬೇಕು. 2♥ ಎಂದವರಿಗೆ ಸ್ಪೇಡಿನಲ್ಲಿ ಎರಡು ಎಲೆಯಾದರೂ ಇರುವುದು ಒಳ್ಳೆಯದು. ಬಲವಾದ ಕೈ 2♦ ಕ್ಯೂ ಬಿಡ್ ಮಾಡಿ ನಂತರ ಹಾರ್ಟ್ ಹೇಳಲಿ, ಅದು ಫೋರ್ಸಿಂಗ್. ಕ್ಯೂ ಬಿಡ್ ಸ್ಪೇಡ್ ಕೂಡಿರುವ ಕೈಗೂ ಬಳಕೆಯಾಗುತ್ತದೆ ಎಂಬುದರಿಂದ ಓವರ್‌ಕಾಲ್ ಮಾಡಿದವರು ಕೂಡಲೇ 4♠ಗೆ ನೆಗೆಯಬಾರದು, ಒಂದು ಸುತ್ತು ಕಾಯಬೇಕು.

(1♠) – 2♦ – (ಪಾಸ್) – 2♥ ಬೇರೆ. ಎರಡನೇ ಮಟ್ಟದ ಓವರ್‌ಕಾಲ್‌ಗೆ ಓಪನಿಂಗ್ ಹತ್ತಿರದ ಬಲ ಬೇಕು, ಆದ್ದರಿಂದ ಇದನ್ನು ಫೋರ್ಸಿಂಗ್ ಇಟ್ಟುಕೊಳ್ಳಿ.

ಮೂರನೆಯ ಆಟಗಾರ ಬಾಯಿ ತೆರೆದರೆ, ಉದಾಹರಣೆಗೆ (1♦) – 1♠ – (2♦) – 2♥, ಯಾವ ಪದ್ಧತಿಯವರೂ ಫೋರ್ಸಿಂಗ್ ಎಂದುಕೊಳ್ಳದಿರುವುದೇ ಕ್ಷೇಮ.

ನಿಮ್ಮವರು ಟೇಕ್‌ಔಟ್ ಡಬಲ್ ಹಾಕಿದ್ದರೆ ಉತ್ತರವಾಗಿ ಹೇಳುವ ಸೂಟ್ ಸೊನ್ನೆ ಪಾಯಿಂಟಿನಲ್ಲೂ ಬರಬಹುದು. (1♦) – ಡಬಲ್ – (ಪಾಸ್) – 1♥ – (ಪಾಸ್) – 1♠ ಎಂದು ಡಬಲ್ ಹಾಕಿದವರೇ ಹೊಸ ಸೂಟ್ ಹೇಳಿದರೆ ಸುಮಾರು 17 ಪಾಯಿಂಟ್ ಅಥವಾ ಮೇಲು. ಅಷ್ಟು ಬಲವಿದ್ದರೂ ಇದು ಫೋರ್ಸಿಂಗ್ ಅಲ್ಲ. ಕೈಯಲ್ಲಿ ಏನೂ ಇಲ್ಲದಿದ್ದರೆ ಪಾಸ್ ಮಾಡಿ. ಖಂಡಿತ ಇನ್ನೊಂದು ಮಾತು ಬೇಕೆನ್ನುವ ಡಬಲರ್ 2♦ ಕ್ಯೂ ಬಿಡ್ ಮಾಡಬೇಕು.

ಹಂತ 6: ಓಪನರ್‌ನ ಎರಡನೇ ಮಾತು

1♦ – (ಪಾಸ್) – 1♥ – (1♠) – 2♣ ಫೋರ್ಸಿಂಗ್ ಅಲ್ಲ. 1♦ – (1♠) – ಪಾಸ್ – (ಪಾಸ್) – 2♣ ಕೂಡ ಅಲ್ಲ. ರಿವರ್ಸ್ (ಓಪನರ್ ತನ್ನ ಮೊದಲ ಸೂಟಿಗಿಂತ ಮೇಲಿನ ಸೂಟನ್ನು ಎರಡನೇ ಮಟ್ಟದಲ್ಲಿ ಹೇಳುವುದು) ಮಾತ್ರ ಎದುರಾಳಿ ಬಾಯಿ ಹಾಕಿದರೂ ಬಲ ಕಳೆದುಕೊಳ್ಳುವುದಿಲ್ಲ: 1♣ – (ಪಾಸ್) – 1♠ – (2♦) – 2♥ ಎಂದರೆ 17ರ ಸುತ್ತಮುತ್ತ ಅಥವಾ ಮೇಲು, ಒಂದು ಸುತ್ತಿಗೆ ಫೋರ್ಸಿಂಗ್. 12 ಪಾಯಿಂಟ್ ಮತ್ತು ನಾಲ್ಕು ಹಾರ್ಟ್ ಇಟ್ಟುಕೊಂಡು 'ಎದುರಾಳಿ ಬಿಡ್ ಮಾಡಿದರಲ್ಲ, ಈಗ ಹೇಳಬಹುದು' ಎಂದು 2♥ ಎನ್ನುವುದು ದುಬಾರಿ ತಪ್ಪು. ಆ ಕೈ ಪಾಸ್ ಮಾಡಬೇಕು.

ಒಂದು ಸೂಟ್ ಕೂಡಿದೆ ಎಂದು ತೀರ್ಮಾನವಾದಮೇಲೆ ಹೇಳುವ ಹೊಸ ಸೂಟ್ ಸದಾ ಫೋರ್ಸಿಂಗ್. 1♥ – (1♠) – 2♥ – (2♠) – 3♣ ಗೇಮ್ ಕೇಳುವ ಮಾತು, ಬರಿಯ 3♥ ಸ್ಪರ್ಧೆಗೆ. ಎದುರಾಳಿಗಳು ನಿಮ್ಮ ಸೂಟಿನ ಕೆಳಗಿನ ಮೆಟ್ಟಿಲವರೆಗೂ ಏರಿಬಿಟ್ಟರೆ, ಅಂದರೆ 1♥ – (2♦) – 2♥ – (3♦) ಆದರೆ, ಹೊಸ ಸೂಟಿಗೆ ಜಾಗವೇ ಇಲ್ಲ. ಆಗ ಡಬಲ್ ಗೇಮ್ ಕೇಳುತ್ತದೆ, 3♥ ಸ್ಪರ್ಧೆ. ಈ ಡಬಲ್‌ಗೆ ಮ್ಯಾಕ್ಸಿಮಲ್ ಡಬಲ್ ಎಂದು ಹೆಸರು. ಮೊದಲೇ ಮಾತಾಡಿಕೊಳ್ಳದಿದ್ದರೆ ಜೊತೆಗಾರರು ಪೆನಾಲ್ಟಿ ಎಂದು ಪಾಸ್ ಮಾಡಿಬಿಡುತ್ತಾರೆ.

ಹಂತ 7: ಮೊದಲು ಪಾಸ್ ಮಾಡಿದ ಕೈ

ಮೇಲೆ ಹೇಳಿದ್ದೆಲ್ಲ ಇನ್ನೂ ಪಾಸ್ ಮಾಡದ ಕೈಗೆ. ಪಾಸ್ – (ಪಾಸ್) – 1♥ – (1♠) – 2♦ ಫೋರ್ಸಿಂಗ್ ಅಲ್ಲ. ಮೂರನೇ ಸ್ಥಾನದಲ್ಲಿ ಜೊತೆಗಾರರು 10 ಪಾಯಿಂಟಿನಲ್ಲೂ ತೆರೆದಿರಬಹುದು, ಅವರಿಗೆ ಬಿಟ್ಟುಬಿಡುವ ಹಕ್ಕಿರಬೇಕು. ಹಾರ್ಟ್ ಕೂಡಿದ್ದು ಡೈಮಂಡೂ ಇದ್ದರೆ 3♦ಗೆ ಹಾರಿ. ಪಾಸ್ ಮಾಡಿದ ಕೈಯ ಜಿಗಿತ ಸೂಟ್ ಕೂಡಿದೆ ಎಂದೇ ಹೇಳುತ್ತದೆ, ಅದರ ಮೇಲೆ ಓಪನರ್ ಪಾಸ್ ಮಾಡುವಂತಿಲ್ಲ.

ಮೇಜಿನ ಶಿಸ್ತು

ಫೋರ್ಸಿಂಗೋ ಅಲ್ಲವೋ ಎಂಬ ಅನುಮಾನ ಮುಖದಲ್ಲಿ ಕಂಡರೆ ಅದೂ ಮಾಹಿತಿಯೇ, ಅದನ್ನು ಬಳಸುವುದನ್ನು ಬ್ರಿಜ್ ನಿಯಮಾವಳಿಯ 16ನೇ ನಿಯಮ ತಡೆಯುತ್ತದೆ. ನೀವು 2♥ ಎಂದು ಫೋರ್ಸಿಂಗ್ ಉದ್ದೇಶದಿಂದ ಹೇಳಿದಿರಿ, ಎದುರಾಳಿ ಕೇಳಿದಾಗ ಜೊತೆಗಾರರು 'ಫೋರ್ಸಿಂಗ್ ಅಲ್ಲ' ಎಂದು ವಿವರಿಸಿದರು ಎಂದುಕೊಳ್ಳಿ. ಆ ವಿವರಣೆ ಕೇಳಿಸಲೇ ಇಲ್ಲ ಎಂಬಂತೆ ನಿಮ್ಮ ಮುಂದಿನ ಬಿಡ್ ಇರಬೇಕು. ಅವರು ಏರಿಸಿದರೆ, ಫೋರ್ಸಿಂಗ್ ಬಿಡ್ಡನ್ನು ಏರಿಸಿದ್ದಾರೆ ಎಂದೇ ಓದಬೇಕು. ವಿವರಣೆ ನಿಮ್ಮ ಒಪ್ಪಂದಕ್ಕೆ ತಪ್ಪಾಗಿದ್ದರೆ ತಿದ್ದುವ ಹೊತ್ತೂ ಗೊತ್ತಿರಲಿ. ಡಿಕ್ಲೇರರ್ ಅಥವಾ ಡಮ್ಮಿ (ಕಾಂಟ್ರಾಕ್ಟ್ ಪಡೆದ ಕಡೆಯ ಇಬ್ಬರು) ಆಗುವವರು ಬಿಡ್ಡಿಂಗ್ ಮುಗಿದಮೇಲೆ, ಮೊದಲ ಎಲೆ ಬೀಳುವ ಮೊದಲು ಡೈರೆಕ್ಟರ್ ಕರೆದು ತಿದ್ದಬೇಕು. ಡಿಫೆಂಡರ್ ಆದವರು ಆಟ ಮುಗಿದ ಮೇಲಷ್ಟೇ. ನೆಗೆಟಿವ್ ಫ್ರೀ ಬಿಡ್ ಆಡುವವರು ತಮ್ಮ ಒಪ್ಪಂದಗಳನ್ನು ಬರೆದಿಡುವ ಕಾರ್ಡಿನಲ್ಲಿ ಎದ್ದು ಕಾಣುವಂತೆ ಬರೆದು, ಕೂತ ಕೂಡಲೇ ಎದುರಾಳಿಗಳಿಗೆ ಹೇಳಿಬಿಡುವುದು ಮರ್ಯಾದೆ.

ಇಬ್ಬರೇ ಕೂತು ಅಭ್ಯಾಸ ಮಾಡುವ ಬಗೆ

ಮಳೆಗೆ ಕರೆಂಟೂ ನೆಟ್ಟೂ ಹೋದ ಸಂಜೆ ಒಂದು ಕಟ್ಟು ಎಲೆ, ಎರಡು ಚೀಟಿ, ಎರಡು ಪೆನ್ಸಿಲ್ ಸಾಕು. ಓವರ್‌ಕಾಲ್ ಮಾಡುವವರ ಜಾಗದಲ್ಲಿ ♠ ಎಕ್ಕ-ರಾಜ-10-8-5 ಇಡಿ. ಓಪನರ್ ಜಾಗದಲ್ಲಿ ♦ ಎಕ್ಕ-ರಾಜ-7-4 ಇಡಿ. ಉಳಿದ 43 ಎಲೆ ಚೆನ್ನಾಗಿ ಕಲಸಿ, ಓವರ್‌ಕಾಲ್ ಜಾಗಕ್ಕೆ 8, ಓಪನರ್‌ಗೆ 9, ಉಳಿದ ಎರಡು ಜಾಗಕ್ಕೆ 13ರಂತೆ ಹಂಚಿ. ಓಪನರ್‌ಗೆ ಸರಾಸರಿ 12 ಪಾಯಿಂಟ್, ರೆಸ್ಪಾಂಡರ್‌ಗೆ 8ರ ಸುತ್ತಮುತ್ತ ಬರುತ್ತದೆ, ಅಂದರೆ ಸಂದೇಹ ಹುಟ್ಟುವ ಕೈಗಳೇ. ಓಪನರ್ ಕೈ 1♦ ತೆರೆಯುವಂತಿಲ್ಲದಿದ್ದರೆ ಮತ್ತೆ ಹಂಚಿ.

1♦ – (1♠) ಆಗಿದೆ ಎಂದುಕೊಂಡು ರೆಸ್ಪಾಂಡರ್ ತನ್ನ ಬಿಡ್ಡನ್ನೂ ಅದು ಫೋರ್ಸಿಂಗ್ ಹೌದೋ ಅಲ್ಲವೋ ಎಂಬುದನ್ನೂ ಚೀಟಿಯಲ್ಲಿ ಬರೆದು, ಬಿಡ್ಡನ್ನು ಮಾತ್ರ ಬಾಯಲ್ಲಿ ಹೇಳಲಿ. ಓಪನರ್ ತಾನು ಅದನ್ನು ಹೇಗೆ ಓದಿದೆ ಎಂಬುದನ್ನು ತನ್ನ ಚೀಟಿಯಲ್ಲಿ ಬರೆಯಲಿ. ಎರಡು ಸುತ್ತು ಆದಮೇಲೆ ಚೀಟಿ ತೆರೆದು ಹೋಲಿಸಿ. ಬಳಿಕ ನಾಲ್ಕನೆಯ ಕೈ 3♠ಗೆ ಹಾರಿದ್ದರೆ ಏನಾಗುತ್ತಿತ್ತು ಎಂದು ಅದೇ ಎಲೆಗಳ ಮೇಲೆ ಇನ್ನೊಮ್ಮೆ ಮಾಡಿ. ಎಲ್ಲೆಲ್ಲಿ ಎರಡು ಚೀಟಿ ಹೊಂದಲಿಲ್ಲವೋ ಆ ಸನ್ನಿವೇಶವನ್ನೂ ಇಬ್ಬರೂ ಒಪ್ಪಿದ ಉತ್ತರವನ್ನೂ ಕಾರ್ಡಿನ ಹಿಂಬದಿಯಲ್ಲಿ ಅಂದೇ ಬರೆದು, ಮುಂದಿನ ಸಲ ಆಡಲು ಕೂರುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ.